ಏಜೆಂಟರ ಅಂಗಡಿಯಲ್ಲಿ ಕಾರ್ಡ್ ಉಜ್ಜಿ ತೆಗೆದ ವಿಮಾನ ಟಿಕೆಟ್ ರದ್ದಾಯಿತು, ರೊಕ್ಕ ಯಾರನ್ನು ಕೇಳಬೇಕು?

ಪ್ರಶ್ನೆ: ನಮ್ಮದು ಯಾದಗಿರಿ ಜಿಲ್ಲೆಯ ಶಹಾಪುರ. ಅಪ್ಪ-ಅವ್ವನನ್ನು ಕಾಶಿಗೆ ಕರೆದೊಯ್ಯಲು ಹೈದರಾಬಾದಿನಿಂದ ವಾರಾಣಸಿಗೆ ನಾಲ್ಕು ಟಿಕೆಟ್‌ಗಳನ್ನು ಊರಿನ ಏಜೆಂಟರ ಹತ್ತಿರ ತೆಗೆಸಿದ್ದೆ. ಅವರ ಅಂಗಡಿಯ ಮೆಷಿನ್ನಿನಲ್ಲೇ ನನ್ನ ಕ್ರೆಡಿಟ್ ಕಾರ್ಡ್ ಉಜ್ಜಿ 29,800 ರೂಪಾಯಿ ಕೊಟ್ಟೆ. ವಾಪಸ್ ಬರುವ ಟಿಕೆಟನ್ನು ಇನ್ನೊಂದು ಕಂಪನಿಯ ಆ್ಯಪ್‌ನಲ್ಲಿ ನಾನೇ ತೆಗೆದಿದ್ದೆ. ಹೊರಡಲು ಮೂರು ದಿನ ಇರುವಾಗ ಹೋಗುವ ವಿಮಾನ ರದ್ದಾಯಿತೆಂದು ಏಜೆಂಟರು ಫೋನ್ ಮಾಡಿದರು. ಪ್ರಯಾಣವನ್ನೇ ಕೈಬಿಟ್ಟೆವು, ಬರುವ ಟಿಕೆಟ್ಟೂ ಹಾಗೇ ಹೋಯಿತು. ಈಗ 40 ದಿನ ಆಯಿತು. ಏಜೆಂಟರನ್ನು ಕೇಳಿದರೆ, "ರೊಕ್ಕ ಬರಂಗಿಲ್ರಿ, ಕ್ರೆಡಿಟ್ ಶೆಲ್ ಕೊಟ್ಟಾರ, ಒಂದು ವರ್ಷದಾಗ ಎಲ್ಲಿಗರೆ ಹೋಗಿ ಬರ್ರಿ" ಅಂತಾರೆ. ಬ್ಯಾಂಕಿನವರು, "ಪಿನ್ ನೀವೇ ಹಾಕಿದ್ದೀರಿ, ನಾವೇನೂ ಮಾಡಲಾಗದು" ಅಂದರು. ಕಾರ್ಡಿನ ಬಿಲ್ಲೂ ಬಂದಿದೆ. ರೀಫಂಡ್ ಬರುವವರೆಗೆ ಅದನ್ನು ಕಟ್ಟದೆ ಇರಬಹುದೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ, ಏಕೆಂದರೆ ಅದಕ್ಕೆ ಗಡುವಿದೆ. ಬಿಲ್ ಕಟ್ಟಿಬಿಡಿ, ಪೂರ್ತಿ ಕಟ್ಟಿ. ಟಿಕೆಟ್ಟಿನ ಜಗಳ ನಿಮಗೂ ಏಜೆಂಟರಿಗೂ ವಿಮಾನ ಕಂಪನಿಗೂ ಸೇರಿದ್ದು. ಬ್ಯಾಂಕಿನ ಲೆಕ್ಕದಲ್ಲಿ ಅದು ನೀವು ಮಾಡಿದ ಖರ್ಚು, ಅಷ್ಟೇ. ಕಟ್ಟದಿದ್ದರೆ ತಿಂಗಳಿಗೆ ಶೇ. 3ರಿಂದ 3.75ರ ಆಸುಪಾಸಿನಲ್ಲಿ ಬಡ್ಡಿ ಬೀಳುತ್ತದೆ, ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಶೇ. 3.5ರಂತೆ ಹಿಡಿದರೆ 29,800ಕ್ಕೆ ಒಂದು ತಿಂಗಳಿಗೆ ಸುಮಾರು 1,230 ರೂಪಾಯಿ. ಇದಲ್ಲದೆ ಹಳೆ ಬಾಕಿ ಉಳಿದಿರುವಾಗ ಹೊಸದಾಗಿ ಕೊಂಡ ಕಿರಾಣಿ ಸಾಮಾನಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಗಡುವು ಮುಗಿದು ಮೂರು ದಿನ ದಾಟಿದರೆ ಬ್ಯಾಂಕು ಅದನ್ನು ಸಾಲದ ದಾಖಲೆ ಇಡುವ ಸಿಬಿಲ್‌ನಂಥ ಸಂಸ್ಥೆಗಳಿಗೆ ಬಾಕಿ ಎಂದು ವರದಿ ಮಾಡಬಹುದು. ತಕರಾರು ಇರುವ ಮೊತ್ತಕ್ಕೆ ಬಡ್ಡಿ ಹಾಕಬಾರದೆಂಬ ರಿಸರ್ವ್ ಬ್ಯಾಂಕಿನ ನಿಯಮ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ಇದೆ, ಆದರೆ ಅದು ವಂಚನೆಯ ತಕರಾರಿಗೆ ಮಾತ್ರ. ನಿಮ್ಮದು ವಂಚನೆಯಲ್ಲ.

ಕಟ್ಟಿದ ಮೇಲೆ ರೀಫಂಡ್ ಬಂದರೆ ಆ ಹಣ ಎಲ್ಲೂ ಹೋಗುವುದಿಲ್ಲ. ಕಾರ್ಡಿನಲ್ಲಿ ಜಮಾ ಆಗಿ ನಿಲ್ಲುತ್ತದೆ. 2022ರ ರಿಸರ್ವ್ ಬ್ಯಾಂಕ್ ನಿರ್ದೇಶನದ ಪ್ರಕಾರ, ನೀವು ಈಗಾಗಲೇ ಹಣ ಕಟ್ಟಿರುವ ಖರ್ಚಿಗೆ ರೀಫಂಡ್ ಬಂದು, ಅದು ಕಾರ್ಡ್ ಮಿತಿಯ ಶೇ. 1 ಅಥವಾ 5,000 ರೂಪಾಯಿ, ಇವುಗಳಲ್ಲಿ ಕಡಿಮೆ ಇರುವುದನ್ನು ಮೀರಿದರೆ, ಬ್ಯಾಂಕು ಅದನ್ನು ಮುಂದಿನ ಬಿಲ್ಲಿಗೆ ಹೊಂದಿಸಲು ನಿಮ್ಮ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಬರದಿದ್ದರೆ ನಿಮ್ಮ ಉಳಿತಾಯ ಖಾತೆಗೆ ಹಾಕಬೇಕು. ಒಂದು ಲಕ್ಷ ಮಿತಿಯ ಕಾರ್ಡಾದರೆ ಆ ಗೆರೆ 1,000 ರೂಪಾಯಿ. ಆ ಎಸ್ಸೆಮ್ಮೆಸ್ ಬಂದಾಗ ಜಾಹೀರಾತೆಂದು ಅಳಿಸಿಬಿಡಬೇಡಿ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ನಿಮ್ಮ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ಆ 29,800ರ ಎದುರು ಯಾರ ಹೆಸರಿದೆ ನೋಡಿ. ಅಂಗಡಿಯ ಮೆಷಿನ್ನಿನಲ್ಲಿ ಉಜ್ಜಿದ್ದರಿಂದ ಏಜೆಂಟರ ಅಂಗಡಿಯ ಹೆಸರೇ ಇರಬೇಕು. ಅಂದರೆ ನೀವು ರೊಕ್ಕ ಕೊಟ್ಟದ್ದು ಏಜೆಂಟರಿಗೆ. ಅವರು ವಿಮಾನ ಕಂಪನಿಯಲ್ಲೋ ದೊಡ್ಡ ಸಗಟು ಪೋರ್ಟಲ್ಲಿನಲ್ಲೋ ತಾವು ತುಂಬಿಟ್ಟ ವ್ಯಾಲೆಟ್‌ನಿಂದ ಟಿಕೆಟ್ ತೆಗೆದಿರುತ್ತಾರೆ. ವಿಮಾನ ಕಂಪನಿಗೆ ನಿಮ್ಮ ಕಾರ್ಡಿನ ನಂಬರೇ ಗೊತ್ತಿಲ್ಲ. ಅದು ರೀಫಂಡ್ ಮಾಡಿದರೂ ಹಣ ಹೋಗುವುದು ಏಜೆಂಟರ ವ್ಯಾಲೆಟ್ಟಿಗೆ. ಅಲ್ಲಿಂದ ನಿಮ್ಮ ಕಾರ್ಡಿಗೆ ಬರಬೇಕಾದರೆ ಏಜೆಂಟರು ತಮ್ಮ ಮೆಷಿನ್ ಕೊಟ್ಟ ಬ್ಯಾಂಕಿನ ಮೂಲಕ ಇನ್ನೊಂದು ರೀಫಂಡ್ ಹಾಕಬೇಕು. ನಮ್ಮ ಕಡೆಯ ತಕರಾರುಗಳಲ್ಲಿ ಬಹುಪಾಲು ಸಿಕ್ಕಿಕೊಳ್ಳುವುದು ಈ ಎರಡು ಮೆಟ್ಟಿಲುಗಳ ನಡುವೆ. ಕಂಪನಿಯ ಕಾಲ್ ಸೆಂಟರ್ "ಕೊಟ್ಟಾಗಿದೆ" ಎನ್ನುತ್ತದೆ, ಅದು ಸುಳ್ಳಲ್ಲ. ನಿಮ್ಮ ಬ್ಯಾಂಕು "ಬಂದಿಲ್ಲ" ಎನ್ನುತ್ತದೆ, ಅದೂ ಸುಳ್ಳಲ್ಲ.

ಏಜೆಂಟರು ಕಾರ್ಡಿಗೆ ವಾಪಸ್ ಹಾಕಲು ಹಿಂದೆಮುಂದೆ ನೋಡುವುದಕ್ಕೆ ಇನ್ನೊಂದು ಕಾರಣವೂ ಉಂಟು. ಮೆಷಿನ್ನಿನ ಬ್ಯಾಂಕು ಪ್ರತಿ ವಹಿವಾಟಿಗೆ ಹಿಡಿದುಕೊಂಡ ಶುಲ್ಕ ರೀಫಂಡ್ ಮಾಡಿದಾಗ ಅವರಿಗೆ ಪೂರ್ತಿ ಮರಳದೆ ಹೋಗಬಹುದು. ಸಣ್ಣ ಅಂಗಡಿಯವರಿಗೆ ಇದು ನಿಜವಾದ ನಷ್ಟವೇ. ಅವರು ಫೋನ್‌ಪೇಯಲ್ಲೋ ನಗದಾಗಿಯೋ ಕೊಡುತ್ತೇನೆಂದರೆ ತೆಗೆದುಕೊಳ್ಳಲು ಅಡ್ಡಿಯಿಲ್ಲ. ಆದರೆ ಯಾವ ಪಿಎನ್‌ಆರ್‌ಗೆ, ಎಷ್ಟು, ಯಾವ ದಿನ ಎಂದು ಒಂದು ಚೀಟಿ ಮಾಡಿಕೊಳ್ಳಿ. ಆಮೇಲೆ ಬ್ಯಾಂಕಿನಲ್ಲೂ ತಕರಾರು ಹೂಡಬೇಡಿ, ಎರಡು ಕಡೆಯಿಂದ ಪಡೆದದ್ದು ಗೊತ್ತಾದರೆ ಒಂದನ್ನು ಬ್ಯಾಂಕು ವಾಪಸ್ ಎಳೆದುಕೊಳ್ಳುತ್ತದೆ.

ಕ್ರೆಡಿಟ್ ಶೆಲ್ ಎಂದರೆ ಹಣ ಮರಳಿಸದೆ ಮುಂದಿನ ಟಿಕೆಟ್ಟಿಗೆಂದು ಕಂಪನಿ ತನ್ನಲ್ಲೇ ಇಟ್ಟುಕೊಳ್ಳುವುದು. ಅದರ ಬಗ್ಗೆ ಏಜೆಂಟರು ಹೇಳಿದ್ದು ತಪ್ಪು. ಹಣವನ್ನು ಶೆಲ್‌ನಲ್ಲಿ ಇಟ್ಟುಕೊಳ್ಳಬೇಕೋ ಬೇಡವೋ ಎಂಬುದು ಪ್ರಯಾಣಿಕರ ಆಯ್ಕೆ, ಕಂಪನಿ ತಾನಾಗಿ ಹಾಗೆ ಮಾಡುವಂತಿಲ್ಲ ಎಂದು ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ನಿಯಮದಲ್ಲೇ ಬರೆದಿದೆ. ಈ ತಪ್ಪು ತಿಳಿವಳಿಕೆ ಬಲವಾಗಿದ್ದು ಕೋವಿಡ್ ಕಾಲದಲ್ಲಿ. 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್, ಲಾಕ್‌ಡೌನ್‌ನಿಂದ ರದ್ದಾದ ಟಿಕೆಟ್‌ಗಳ ವಿಷಯದಲ್ಲಿ, ಹಣಕಾಸಿನ ಸಂಕಷ್ಟದಲ್ಲಿದ್ದ ಕಂಪನಿಗಳಿಗೆ 2021ರ ಮಾರ್ಚ್ 31ರವರೆಗೆ ಶೆಲ್ ಕೊಡಲು ಅವಕಾಶ ಕೊಟ್ಟಿತ್ತು. ಅದೂ ಬಿಟ್ಟಿಯಾಗಿ ಅಲ್ಲ, ಶೆಲ್‌ನ ಮೌಲ್ಯ ತಿಂಗಳಿಗೆ ಮೊದಲು ಶೇ. 0.5, 2020ರ ಜೂನ್ ನಂತರ ಶೇ. 0.75ರಂತೆ ಏರಬೇಕೆಂದು ಹೇಳಿತ್ತು. ಆ ವಿನಾಯಿತಿ ಆ ಸಂದರ್ಭಕ್ಕೆ ಮುಗಿಯಿತು. ಬಾಯಿಮಾತಿನಲ್ಲಿ ಮಾತ್ರ ಇನ್ನೂ ಓಡಾಡುತ್ತಿದೆ.

ಆದರೆ ಎಚ್ಚರ. ಏಜೆಂಟರು ನಿಮ್ಮನ್ನು ಕೇಳದೆ ತಮ್ಮ ಲಾಗಿನ್‌ನಿಂದ ಶೆಲ್‌ಗೆ ಒಪ್ಪಿಗೆ ಕೊಟ್ಟಿರಬಹುದು. ಅಥವಾ ವಿಮಾನ ರದ್ದಾಗಿದೆ ಎಂಬ ಸಂದೇಶದ ಕೊಂಡಿಯ ಬದಲು ಮಾಮೂಲಿ ಕ್ಯಾನ್ಸಲ್ ಗುಂಡಿ ಒತ್ತಿರಬಹುದು. ಎರಡನೆಯದು ಹೆಚ್ಚು ಹಾನಿ ಮಾಡುತ್ತದೆ. ಕಂಪನಿ ರದ್ದು ಮಾಡಿದರೆ ಪೂರ್ತಿ ದರ ಬರಬೇಕು. ಪ್ರಯಾಣಿಕರೇ ರದ್ದು ಮಾಡಿದಂತೆ ದಾಖಲಾದರೆ ರದ್ದತಿ ಶುಲ್ಕ ಮುರಿಯುತ್ತದೆ, ಅಗ್ಗದ ಟಿಕೆಟ್‌ನಲ್ಲಿ ಅದು ಮೂಲ ದರವನ್ನೇ ನುಂಗಿಬಿಡಬಹುದು. ಆದ್ದರಿಂದ ಇವತ್ತೇ ಕಂಪನಿಯ ವೆಬ್‌ಸೈಟಿನಲ್ಲಿ ಪಿಎನ್‌ಆರ್ ಮತ್ತು ಪ್ರಯಾಣಿಕರ ಅಡ್ಡಹೆಸರು (ಸರ್‌ನೇಮ್) ಹಾಕಿ ಸ್ಥಿತಿ ನೋಡಿ, ಪರದೆಯ ಚಿತ್ರ ತೆಗೆದಿಟ್ಟುಕೊಳ್ಳಿ. ಏಜೆಂಟರಿಗೆ ಬಂದ ಮೂಲ ಎಸ್ಸೆಮ್ಮೆಸ್ ಅಥವಾ ಇ-ಮೇಲನ್ನು ನಿಮಗೆ ಕಳಿಸಲು ಹೇಳಿ. ಅದರ ತಾರೀಖು, ಗಂಟೆ ಕಾಣಬೇಕು.

ಮುಂದಿನದು ಕಂಪನಿಗೆ ಬರೆಯುವ ಇ-ಮೇಲ್. ಫೋನಿನಲ್ಲಿ ಎಷ್ಟು ಮಾತಾಡಿದರೂ ಕೈಯಲ್ಲಿ ಕಾಗದ ಇರುವುದಿಲ್ಲ. ಪಿಎನ್‌ಆರ್, ವಿಮಾನದ ಸಂಖ್ಯೆ, ತಾರೀಖು, ನಾಲ್ವರ ಹೆಸರು ಬರೆದು ಮೂರು ಮಾತು ಸ್ಪಷ್ಟವಾಗಿ ಕೇಳಿ: ಈ ವಿಮಾನವನ್ನು ರದ್ದು ಮಾಡಿದ್ದು ಕಂಪನಿಯೇ ಎಂದು ಖಚಿತಪಡಿಸಿ; ನಾನು ಕ್ರೆಡಿಟ್ ಶೆಲ್‌ಗೆ ಒಪ್ಪಿಲ್ಲ, ಹಣವೇ ಬೇಕು; ಈಗಾಗಲೇ ರೀಫಂಡ್ ಆಗಿದ್ದರೆ ಯಾವ ದಿನ, ಎಷ್ಟು, ಯಾವ ಏಜೆನ್ಸಿಯ ಖಾತೆಗೆ ಎಂದು ತಿಳಿಸಿ. ಈ ಮೂರನೆಯದಕ್ಕೆ ಬರುವ ಉತ್ತರವೇ ನಿಮ್ಮ ಇಡೀ ಪ್ರಕರಣದ ಬೆನ್ನೆಲುಬು, ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ. ಒಂದು ವಾರದಲ್ಲಿ ಉತ್ತರ ಬಾರದಿದ್ದರೆ ದೂರು ನೋಡಿಕೊಳ್ಳುವ ಕಂಪನಿಯ ನೋಡಲ್ ಅಧಿಕಾರಿಗೆ, ಅಲ್ಲೂ ಆಗದಿದ್ದರೆ ಮೇಲ್ಮನವಿ ಅಧಿಕಾರಿಗೆ ಕಳಿಸಿ. ಇವರ ವಿಳಾಸ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ, ಕೆಳಗಿನ ಮೂಲೆಯಲ್ಲಿ ಹುಡುಕಬೇಕಾಗುತ್ತದೆ.

ಗಡುವಿನ ಲೆಕ್ಕ ಹೀಗಿದೆ. ಟಿಕೆಟ್ಟನ್ನು ನೇರವಾಗಿ ಕಂಪನಿಯಲ್ಲಿ ಕ್ರೆಡಿಟ್ ಕಾರ್ಡಿನಿಂದ ಕೊಂಡಿದ್ದರೆ ರದ್ದಾದ 7 ದಿನದೊಳಗೆ ಕಾರ್ಡಿಗೆ ಜಮಾ ಮಾಡಬೇಕು. ಏಜೆಂಟರ ಅಥವಾ ಪೋರ್ಟಲ್ ಮೂಲಕ ಕೊಂಡಿದ್ದರೂ ಜವಾಬ್ದಾರಿ ವಿಮಾನ ಕಂಪನಿಯದೇ, ಏಕೆಂದರೆ ಏಜೆಂಟರು ಅದರ ಪ್ರತಿನಿಧಿಗಳು. "ಏಜೆಂಟರನ್ನೇ ಕೇಳಿ" ಎಂದು ಕೈತೊಳೆದುಕೊಳ್ಳಲು ನಿಯಮ ಬಿಡುವುದಿಲ್ಲ. ಈ ಬಗೆಯ ಟಿಕೆಟ್ಟಿಗೆ 2016ರಲ್ಲಿ ಹಾಕಿದ ಗಡುವು 30 ಕೆಲಸದ ದಿನ ಆಗಿತ್ತು, ಈಗಿನದನ್ನು ಡಿಜಿಸಿಎ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಕೆಲಸದ ದಿನ ಎಂದರೆ ಶನಿವಾರ, ಭಾನುವಾರ, ಹಬ್ಬದ ರಜೆ ಬಿಟ್ಟು, ಹಾಗಾಗಿ ನಿಮ್ಮ 40 ದಿನ ಆ ಲೆಕ್ಕದಲ್ಲಿ 28ರ ಸುತ್ತಮುತ್ತ ಬರುತ್ತದೆ. ಇನ್ನೊಂದು ವಾರ ಕಳೆದರೆ ಯಾವ ಲೆಕ್ಕ ಹಿಡಿದರೂ ತಡವೇ. ಇ-ಮೇಲ್ ಬರೆಯಲು ಮಾತ್ರ ಅಲ್ಲಿಯವರೆಗೆ ಕಾಯಬೇಡಿ.

ಏಜೆಂಟರಿಗೆ ಕೊಟ್ಟದ್ದೆಲ್ಲ ಬರುತ್ತದೆಯೇ? ಇ-ಟಿಕೆಟ್ ತೆಗೆದು ಅದರಲ್ಲಿ ಮುದ್ರಿಸಿದ ಒಟ್ಟು ದರ ನೋಡಿ. ಅದು 28,200 ಇದ್ದರೆ ಉಳಿದ 1,600 ಏಜೆಂಟರ ಸೇವಾ ಶುಲ್ಕ ಮತ್ತು ಕಾರ್ಡ್ ಉಜ್ಜಿದ್ದಕ್ಕೆ ಹಾಕಿದ ಶೇ. 2 ಅಂತಿಟ್ಟುಕೊಳ್ಳಿ. ಕಂಪನಿಯಿಂದ ಬರುವುದು 28,200 ಮಾತ್ರ. ಆ 1,600ಕ್ಕಾಗಿ ಏಜೆಂಟರ ಜತೆ ಮಾತಾಡಬಹುದು, ಆದರೆ ಅದರ ಮೇಲೆ ಹಟ ಹಿಡಿದು ದೊಡ್ಡ ಮೊತ್ತವನ್ನು ಸಿಕ್ಕಿಸಿಕೊಳ್ಳುವುದು ಜಾಣತನವಲ್ಲ. ರೀಫಂಡ್ ಮಾಡಿಕೊಡುವುದಕ್ಕೆಂದೇ ಬೇರೆ ಶುಲ್ಕ ಕೇಳಿದರೆ ಕೊಡಬೇಡಿ, ನಿಯಮ ಅದನ್ನು ಒಪ್ಪುವುದಿಲ್ಲ. ಇ-ಟಿಕೆಟ್ಟಿನಲ್ಲಿ ಏಜೆಂಟರು ದರದ ಭಾಗವನ್ನೇ ಅಳಿಸಿ ಕೊಟ್ಟಿದ್ದರೆ ಕಂಪನಿಯಿಂದ ಜಿಎಸ್‌ಟಿ ಬಿಲ್ ತರಿಸಿಕೊಳ್ಳಿ, ಅದರಲ್ಲಿ ನಿಜವಾದ ಅಂಕಿ ಸಿಗುತ್ತದೆ.

ಪರಿಹಾರಧನದ ಬಗ್ಗೆ ಕೇಳಿಲ್ಲ, ಆದರೂ ವಾಟ್ಸ್‌ಆ್ಯಪ್‌ನಲ್ಲಿ ಹತ್ತು ಸಾವಿರ ಸಿಗುತ್ತದೆ ಎಂಬ ಸಂದೇಶ ತಿರುಗುತ್ತಿರುವುದರಿಂದ ಹೇಳುತ್ತೇನೆ. ಆ ಮೊತ್ತ ನಿಜ, ನಿಮಗೆ ಮಾತ್ರ ಅನ್ವಯಿಸದು. ಮೊದಲೇ ತಿಳಿಸದೆ ರದ್ದು ಮಾಡಿದಾಗ, ರೀಫಂಡಿನ ಜತೆಗೆ, ಒಂದು ಗಂಟೆಯೊಳಗಿನ ಹಾರಾಟಕ್ಕೆ 5,000, ಎರಡು ಗಂಟೆಯವರೆಗೆ 7,500, ಅದಕ್ಕಿಂತ ಹೆಚ್ಚಿಗೆ 10,000 ರೂಪಾಯಿ. ಇಲ್ಲವೇ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ ಕೂಡಿದ ಮೊತ್ತ, ಯಾವುದು ಕಡಿಮೆಯೋ ಅದು. ಮಂಜು, ಮಳೆ, ಭದ್ರತೆ, ಸರ್ಕಾರದ ಆದೇಶದಂಥ ಕಂಪನಿಯ ಕೈಮೀರಿದ ಕಾರಣಗಳಿದ್ದರೆ ಅದೂ ಇಲ್ಲ. ನಿಮಗೆ ಮೂರು ದಿನ ಮುಂಚೆ ತಿಳಿದಿತ್ತು. ಇನ್ನೊಂದು ವಿಷಯ ಗಮನಿಸಿ: ಸಂದೇಶ ಬಂದದ್ದು ಏಜೆಂಟರಿಗೆ, ನಿಮಗಲ್ಲ. ಬುಕ್ಕಿಂಗ್‌ನಲ್ಲಿ ಅವರು ತಮ್ಮ ಮೊಬೈಲ್ ನಂಬರನ್ನೇ ಹಾಕಿದ್ದಾರೆ. ಅವರು ಫೋನ್ ಮಾಡದೆ ಇದ್ದಿದ್ದರೆ ನೀವು ಶಹಾಪುರದಿಂದ ಬಾಡಿಗೆ ಕಾರು ಮಾಡಿಕೊಂಡು ಹೈದರಾಬಾದ್ ವಿಮಾನ ನಿಲ್ದಾಣವಿರುವ ಶಂಶಾಬಾದಿನವರೆಗೆ ಹೋಗಿ ನಿಲ್ಲುತ್ತಿದ್ದಿರಿ. ಆಗಲೂ ಕಂಪನಿ, "ಪ್ರಯಾಣಿಕರು ಸರಿಯಾದ ಸಂಪರ್ಕ ನಂಬರ್ ಕೊಟ್ಟಿರಲಿಲ್ಲ" ಎಂದು ಪರಿಹಾರ ನಿರಾಕರಿಸಬಹುದಿತ್ತು. ಅದಕ್ಕೂ ನಿಯಮದಲ್ಲಿ ಜಾಗ ಇದೆ. ಮುಂದಿನ ಸಲ ಟಿಕೆಟ್ ತೆಗೆಸುವಾಗ ಎದುರಿಗೇ ಕುಳಿತು ನಿಮ್ಮ ನಂಬರ್ ಹಾಕಿಸಿ.

ಬ್ಯಾಂಕಿನವರು ಹೇಳಿದ ಪಿನ್ನಿನ ಮಾತು ಅರ್ಧ ಸತ್ಯ. ಪಿನ್ ಅಥವಾ ಒಟಿಪಿ ಹಾಕಿದ್ದೀರಿ ಎಂದರೆ ವಹಿವಾಟು ಮಾಡಿದ್ದು ನೀವೇ ಎಂದು ಸಾಬೀತಾಗುತ್ತದೆ, ವಂಚನೆ ಎಂದು ಹೇಳಲು ಬರುವುದಿಲ್ಲ. ಆದರೆ ವೀಸಾ, ಮಾಸ್ಟರ್‌ಕಾರ್ಡ್ ವ್ಯವಸ್ಥೆಯಲ್ಲಿ ಇನ್ನೆರಡು ಬಗೆಯ ತಕರಾರುಗಳಿವೆ: ಹಣ ಕೊಟ್ಟ ಸೇವೆ ಸಿಗಲಿಲ್ಲ, ಮತ್ತು ರೀಫಂಡ್ ಕೊಡಬೇಕಾದವರು ಕೊಡಲಿಲ್ಲ. ಇವಕ್ಕೂ ಪಿನ್ನಿಗೂ ಸಂಬಂಧವೇ ಇಲ್ಲ. ಇಂಥ ತಕರಾರು ಹಾಕಿ ಬ್ಯಾಂಕಿನ ಮೂಲಕ ಹಣ ವಾಪಸ್ ಪಡೆಯುವುದನ್ನೇ ಚಾರ್ಜ್‌ಬ್ಯಾಕ್ ಎನ್ನುವುದು. ಶಾಖೆಯ ಕೌಂಟರಿನಲ್ಲಿ ಇದು ಆಗುವ ಕೆಲಸವಲ್ಲ, ಕಾರ್ಡ್ ವಿಭಾಗಕ್ಕೆ ಡಿಸ್ಪ್ಯೂಟ್ ಫಾರ್ಮ್ (ತಕರಾರು ಅರ್ಜಿ) ಕಳಿಸಬೇಕು. ಆ ಫಾರ್ಮಿನಲ್ಲಿ ಮೊದಲ ಚೌಕ ಸಾಮಾನ್ಯವಾಗಿ "ಈ ವಹಿವಾಟು ನಾನು ಮಾಡಿಲ್ಲ" ಎಂಬುದು. ಆತುರದಲ್ಲಿ ಅದಕ್ಕೆ ಟಿಕ್ ಹಾಕಿದರೆ ಕಾರ್ಡು ಬ್ಲಾಕ್ ಆಗುತ್ತದೆ, ಏಜೆಂಟರು ಪಿನ್ನಿನ ದಾಖಲೆ ತೋರಿಸಿ ಗೆಲ್ಲುತ್ತಾರೆ, ನೀವು ಸುಳ್ಳು ಹೇಳಿದಂತೆಯೂ ಆಗುತ್ತದೆ.

ಹಾಗಾದರೆ ಯಾವ ಚೌಕ? ನೇರವಾಗಿ ಕಂಪನಿಯಿಂದ ಕೊಂಡವರಿಗೆ "ಸೇವೆ ಸಿಗಲಿಲ್ಲ" ಎಂಬುದು ಸಾಕು. ನಿಮ್ಮ ವಿಷಯ ಸ್ವಲ್ಪ ತೊಡಕಿನದು. ಸ್ಟೇಟ್‌ಮೆಂಟಿನಲ್ಲಿ ಇರುವುದು ಏಜೆಂಟರ ಹೆಸರು. "ನನ್ನ ಕೆಲಸ ಟಿಕೆಟ್ ತೆಗೆದುಕೊಡುವುದು, ತೆಗೆದುಕೊಟ್ಟಿದ್ದೇನೆ, ಇಗೋ ಇ-ಟಿಕೆಟ್" ಎಂದು ಅವರು ಉತ್ತರ ಕೊಡಬಹುದು, ಅದು ನಿಲ್ಲಲೂಬಹುದು. ಅದಕ್ಕೇ ಕಂಪನಿಯ ಇ-ಮೇಲ್ ಬೇಕೆಂದದ್ದು. "ಇಂಥ ದಿನ ಇಷ್ಟು ಹಣ ಏಜೆನ್ಸಿಯ ಖಾತೆಗೆ ಮರಳಿಸಿದ್ದೇವೆ" ಎಂಬ ಸಾಲು ಕೈಯಲ್ಲಿದ್ದರೆ "ರೀಫಂಡ್ ಕೊಡಲಿಲ್ಲ" ಎಂಬ ಚೌಕಕ್ಕೆ ಟಿಕ್ ಹಾಕಿ, ಆ ಇ-ಮೇಲ್, ರದ್ದತಿಯ ಎಸ್ಸೆಮ್ಮೆಸ್, ಚಾರ್ಜ್ ಸ್ಲಿಪ್, ಏಜೆಂಟರಿಗೆ ನೀವು ಬರೆದು ಕೇಳಿದ ಸಂದೇಶ ಲಗತ್ತಿಸಿ. ರೀಫಂಡ್ ಆದ ದಿನದಿಂದ ಹದಿನೈದು ದಿನ ಕಳೆದಿರಬೇಕು, ಅದಕ್ಕೆ ಮೊದಲೇ ಹಾಕಿದರೆ ಬ್ಯಾಂಕು ಕಾಯಲು ಹೇಳುತ್ತದೆ. ಏಜೆಂಟರ ಕಡೆಯ ಉತ್ತರಕ್ಕೆ 30ರಿಂದ 45 ದಿನ ಹೋಗುತ್ತದೆ. ನಡುವೆ ಬ್ಯಾಂಕು ತಾತ್ಕಾಲಿಕವಾಗಿ ಹಣ ಜಮಾ ಮಾಡಿದರೆ ಅದು ನಿಮ್ಮದಾಯಿತೆಂದು ಖರ್ಚು ಮಾಡಬೇಡಿ, ಸೋತರೆ ವಾಪಸ್ ತೆಗೆಯುತ್ತಾರೆ.

ಚಾರ್ಜ್‌ಬ್ಯಾಕ್‌ಗೆ 120 ದಿನದ ಗಡುವು ಇದೆ. ಸೇವೆ ಸಿಗದ ತಕರಾರಿನಲ್ಲಿ ಅದನ್ನು ಎಣಿಸುವುದು ಕಾರ್ಡ್ ಉಜ್ಜಿದ ದಿನದಿಂದಲ್ಲ, ವಿಮಾನ ಹಾರಬೇಕಿದ್ದ ದಿನದಿಂದ. ಮೂರು ತಿಂಗಳು ಮುಂಚೆ ಟಿಕೆಟ್ ತೆಗೆದವರಿಗೆ ಶಾಖೆಯಲ್ಲಿ "ಅವಧಿ ಮೀರಿದೆ" ಎಂದು ಹೇಳಿ ಕಳಿಸುವುದುಂಟು, ಆಗ ಇದನ್ನು ಹೇಳಿ. ಕಾರ್ಡು ರುಪೇ ಆಗಿದ್ದರೆ ಅದನ್ನು ನಡೆಸುವ ಎನ್‌ಪಿಸಿಐ ಸಂಸ್ಥೆಯ ಗಡುವುಗಳು ಬೇರೆ, ಕಾರ್ಡ್ ವಿಭಾಗಕ್ಕೆ ಇವತ್ತೇ ಫೋನ್ ಮಾಡಿ ಕೇಳಿ. ಏಜೆಂಟರು ಊರಿನವರು, ಮದುವೆ ಮುಂಜಿಯಲ್ಲಿ ಮುಖ ನೋಡಬೇಕಾದವರು ಎಂಬ ಸಂಕೋಚದಲ್ಲಿ ಜನ ನಾಲ್ಕು ತಿಂಗಳು ದೂಡಿಬಿಡುತ್ತಾರೆ. ಮಾತುಕತೆ ನಡೆಯಲಿ, ಆದರೆ 90ನೇ ದಿನ ಫಾರ್ಮ್ ಹೋಗಿರಲಿ.

ಏಜೆಂಟರು "ಕಾರ್ಡಿಗೆ ಹಾಕಿಬಿಟ್ಟೆ" ಎಂದರೆ ಎಆರ್‌ಎನ್ ಕೇಳಿ. ವೀಸಾ, ಮಾಸ್ಟರ್‌ಕಾರ್ಡಿನ ಪ್ರತಿ ರೀಫಂಡಿಗೂ 23 ಅಂಕಿಯ ಈ ಸಂಖ್ಯೆ ಹುಟ್ಟುತ್ತದೆ. ಅದನ್ನು ಕೊಟ್ಟರೆ ನಿಮ್ಮ ಬ್ಯಾಂಕು ಹಣ ಎಲ್ಲಿದೆ ಎಂದು ಹುಡುಕಿ ಹೇಳಬೇಕು. ಸಂಖ್ಯೆ ಕೊಡಲು ತಡವರಿಸಿದರೆ ಹಣ ಇನ್ನೂ ವ್ಯಾಲೆಟ್‌ನಲ್ಲೇ ಕೂತಿದೆ ಎಂದು ತಿಳಿಯಬಹುದು. ನಡುವೆ ಕಾರ್ಡು ಕಳೆದು ಹೊಸದು ಬಂದಿದ್ದರೂ ಹಳೆ ನಂಬರಿಗೆ ಬಂದ ರೀಫಂಡ್ ಅದೇ ಖಾತೆಗೆ ಸೇರುತ್ತದೆ. ಖಾತೆಯನ್ನೇ ಮುಚ್ಚಿಸಿದ್ದರೆ ಮಾತ್ರ ಎಆರ್‌ಎನ್ ಹಿಡಿದು ಓಡಾಡಬೇಕಾಗುತ್ತದೆ. ಖರ್ಚನ್ನು ಇಎಂಐಗೆ ಬದಲಿಸಿದ್ದೀರಾ? ಹಾಗಿದ್ದರೆ ರೀಫಂಡ್ ಬಂದ ಮಾತ್ರಕ್ಕೆ ಇಎಂಐ ತಾನಾಗಿ ನಿಲ್ಲದೆ ಹೋಗಬಹುದು, ಫೋನ್ ಮಾಡಿ ಮುಚ್ಚಿಸಬೇಕು. ಅಲ್ಲಿಯವರೆಗಿನ ಬಡ್ಡಿ, ಪ್ರೊಸೆಸಿಂಗ್ ಶುಲ್ಕ ಸಾಮಾನ್ಯವಾಗಿ ಮರಳುವುದಿಲ್ಲ.

ಈಗ ವಾಪಸ್ ಬರುವ ಟಿಕೆಟ್ಟಿನ ವಿಷಯ. ಇದು ಬೇರೆ ಕಂಪನಿ, ಬೇರೆ ಪಿಎನ್‌ಆರ್. ಆ ವಿಮಾನ ಹಾರಿದೆ, ನೀವು ಹತ್ತಲಿಲ್ಲ. ಹೋಗುವ ವಿಮಾನ ರದ್ದಾದದ್ದು ಅವರ ತಪ್ಪಲ್ಲ ಎಂದು ಅವರು ಹೇಳುತ್ತಾರೆ, ನಿಯಮವೂ ಅವರ ಕಡೆಗಿದೆ. ಆದರೂ ಒಂದು ಪಾಲು ನಿಮ್ಮದೇ. ವಿಮಾನ ಹತ್ತದೆ ಹೋದರೂ, ರೀಫಂಡ್ ಇಲ್ಲದ ಆಫರ್ ಟಿಕೆಟ್ಟಾದರೂ, ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕವನ್ನು ಕಂಪನಿ ಮರಳಿಸಬೇಕು. ಆ್ಯಪ್‌ನಲ್ಲಿ "ತೆರಿಗೆ ಮರುಪಾವತಿ" ಎಂಬ ಅರ್ಜಿ ಹುಡುಕಿ, ಇಲ್ಲದಿದ್ದರೆ ಇ-ಮೇಲ್ ಮಾಡಿ. ನೀವಾಗಿ ಕೇಳದಿದ್ದರೆ ಅದು ಬರುವುದು ಅಪರೂಪ. ಹೊರಡುವ ಮುಂಚೆಯೇ ರದ್ದು ಮಾಡಿದ್ದರೆ ಇನ್ನಷ್ಟು ಉಳಿಯುತ್ತಿತ್ತೋ ಏನೋ. ಬೀದರ್ ಅಥವಾ ಕಲಬುರಗಿಯಿಂದ ಸಣ್ಣ ವಿಮಾನದಲ್ಲಿ ಬೆಂಗಳೂರಿಗೆ ಹೋಗಿ ಅಲ್ಲಿಂದ ಬೇರೆ ಕಂಪನಿಯಲ್ಲಿ ಮುಂದೆ ಹೋಗುವ ಲೆಕ್ಕ ಹಾಕುವವರಿಗೂ ಇದೇ ಅಪಾಯ. ಮೊದಲ ಹಾರಾಟ ರದ್ದಾದರೆ ಅದರ ಹಣ ಬರುತ್ತದೆ, ಎರಡನೆಯದು ಮುಳುಗುತ್ತದೆ. ಸಣ್ಣ ಊರುಗಳ ವಿಮಾನಗಳಿಗೆ ಸರ್ಕಾರ ಕೊಡುವ ಉಡಾನ್ ಯೋಜನೆಯ ಸಹಾಯಧನ ಒಂದು ಮಾರ್ಗಕ್ಕೆ ಕೆಲವು ವರ್ಷ ಮಾತ್ರ, ಆಮೇಲೆ ಮಾರ್ಗವೇ ನಿಂತುಹೋಗುವುದನ್ನು ನಮ್ಮ ಎರಡೂ ನಿಲ್ದಾಣಗಳು ನೋಡಿವೆ. ಮಾರ್ಗ ನಿಂತರೂ ಅದು ಕಂಪನಿ ಮಾಡಿದ ರದ್ದತಿಯೇ, ಪೂರ್ತಿ ಹಣ ಬರಬೇಕು.

ಕಂಪನಿಯೂ ಏಜೆಂಟರೂ ಒಬ್ಬರ ಮೇಲೊಬ್ಬರು ಹಾಕುತ್ತ ಕುಳಿತರೆ ಏರ್‌ಸೇವಾ ಆ್ಯಪ್‌ನಲ್ಲಿ ಕಂಪನಿಯ ವಿರುದ್ಧ ದೂರು ದಾಖಲಿಸಿ, ಅದು ನಾಗರಿಕ ವಿಮಾನಯಾನ ಸಚಿವಾಲಯದ್ದು. ಏಜೆಂಟರ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ. ಬ್ಯಾಂಕು ನಿಮ್ಮ ಡಿಸ್ಪ್ಯೂಟ್ ಫಾರ್ಮನ್ನೇ ತೆಗೆದುಕೊಳ್ಳದಿದ್ದರೆ ಅಥವಾ 30 ದಿನ ಉತ್ತರ ಕೊಡದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಅದು ಬ್ಯಾಂಕಿನ ವಿರುದ್ಧ ಮಾತ್ರ. ಕೊನೆಯದು ಗ್ರಾಹಕ ಆಯೋಗ. 2019ರ ಕಾಯ್ದೆಯಂತೆ ನೀವು ವಾಸಿಸುವ ಊರಿನ ವ್ಯಾಪ್ತಿಯ ಆಯೋಗದಲ್ಲೇ ಕೇಸು ಹಾಕಬಹುದು, ಹೈದರಾಬಾದಿಗೋ ದಿಲ್ಲಿಗೋ ಹೋಗಬೇಕಿಲ್ಲ. ಐದು ಲಕ್ಷದವರೆಗೆ ಶುಲ್ಕವಿಲ್ಲ, ಇ-ಜಾಗೃತಿ ಪೋರ್ಟಲ್ಲಿನಲ್ಲಿ ಮನೆಯಿಂದಲೇ ಸಲ್ಲಿಸಬಹುದು, ಎರಡು ವರ್ಷದ ಕಾಲಾವಕಾಶ ಇದೆ. ಕಂಪನಿ ಮತ್ತು ಏಜೆಂಟರು ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಬರುವ ಟಿಕೆಟ್ಟಿನ ನಷ್ಟ, ಕಾಶಿಯಲ್ಲಿ ಮುಂಗಡ ಕೊಟ್ಟ ವಸತಿಯ ಖರ್ಚು ಕೇಳಲು ಅದೊಂದೇ ಜಾಗ. ಕೇಳಿದ್ದೆಲ್ಲ ಸಿಗುತ್ತದೆಂಬ ಭರವಸೆ ಇಲ್ಲ, ಬೇಗ ಮುಗಿಯುತ್ತದೆ ಎಂಬುದಂತೂ ಇಲ್ಲವೇ ಇಲ್ಲ. 28 ಸಾವಿರಕ್ಕೆ ವಕೀಲರನ್ನಿಟ್ಟು ಹೋಗುವುದಕ್ಕಿಂತ ಕಾಗದಗಳನ್ನು ಜೋಡಿಸಿ ನೀವೇ ಹಾಕುವುದು ಲೇಸು.

ಇಷ್ಟರ ನಡುವೆ ಕಂಪನಿಯ ಸಹಾಯವಾಣಿ ನಂಬರನ್ನು ಗೂಗಲ್‌ನಲ್ಲಿ ಹುಡುಕಿ ಮೊದಲು ಕಂಡದ್ದಕ್ಕೆ ಫೋನ್ ಮಾಡಬೇಡಿ. ರೀಫಂಡ್ ಹುಡುಕುವವರನ್ನೇ ಕಾಯುವ ನಕಲಿ ನಂಬರುಗಳು ಅಲ್ಲಿವೆ. ಕಾರ್ಡಿಗೆ ಹಣ ಮರಳಲು ಒಟಿಪಿ, ಪಿನ್, ಕಾರ್ಡಿನ ಹಿಂದಿನ ಮೂರು ಅಂಕಿ ಯಾವುದೂ ಬೇಕಿಲ್ಲ, ಫೋನಿನ ಪರದೆ ತೋರಿಸುವ ಆ್ಯಪ್ ಹಾಕಿಕೊಳ್ಳಬೇಕಾಗಿಯೂ ಇಲ್ಲ. ಅಕಸ್ಮಾತ್ ಕೊಟ್ಟುಬಿಟ್ಟಿದ್ದರೆ ಮೊದಲು ಬ್ಯಾಂಕಿಗೆ ಹೇಳಿ ಕಾರ್ಡ್ ಬ್ಲಾಕ್ ಮಾಡಿಸಿ, ತಕ್ಷಣ 1930ಕ್ಕೆ ಫೋನ್ ಮಾಡಿ.